ಕಾಶ್ಮೀರದ ಸರೋವರಗಳ ಚಾರಣ: ಇಬ್ಬರೇ ಹೊರಟಾಗ ಯಾರ ನಡಿಗೆಗೆ ಯಾರು ಹೊಂದಿಕೊಳ್ಳಬೇಕು?

ಹೇಮಾವತಿ ತೀರ (ಏಪ್ರಿಲ್ 2024)

ಎಲ್ಲರಿಗೂ ನಮಸ್ಕಾರ. ಬರುವ ಆಗಸ್ಟ್‌ನಲ್ಲಿ ನಾನೂ ನನ್ನ ಕಾಲೇಜು ದಿನಗಳ ಗೆಳೆಯನೂ ಸೋನಾಮಾರ್ಗದಿಂದ ನಾರಾನಾಗ್‌ವರೆಗೆ, ವಿಶನ್‌ಸರ್, ಕಿಶನ್‌ಸರ್, ಗಡ್ಸರ್, ಸತ್ಸರ್, ಗಂಗಾಬಲ್ ಸರೋವರಗಳನ್ನು ಹಾದು ಹೋಗುವ ಸುಮಾರು 70 ಕಿಲೋಮೀಟರ್‌ಗಳ ಚಾರಣಕ್ಕೆ ಹೊರಡಬೇಕೆಂದಿದ್ದೇವೆ. ದೊಡ್ಡ ಗುಂಪುಗಳ ಜೊತೆ ಹೋಗುವ ಮನಸ್ಸಿಲ್ಲದ ಕಾರಣ, ಸ್ಥಳೀಯ ಮಾರ್ಗದರ್ಶಿಯೊಬ್ಬರನ್ನೂ ಸಾಮಾನು ಹೊರಲು ಕುದುರೆಯವರೊಬ್ಬರನ್ನೂ ಗೊತ್ತುಮಾಡಿಕೊಂಡಿದ್ದೇವೆ.

ನನಗೆ ನಲವತ್ತಾರು ವರ್ಷ. ನಡೆಯುವುದು ಅಭ್ಯಾಸವಿದೆ, ಆದರೆ ನಿಧಾನ. ಗೆಳೆಯ ದೂರದ ಓಟಗಳಲ್ಲಿ ಭಾಗವಹಿಸುವವನು. ಕುಮಾರಪರ್ವತ ಹತ್ತಿದಾಗ ನಾನು ಗಿರಿಗದ್ದೆ ತಲುಪುವಷ್ಟರಲ್ಲಿ ಅವನು ಊಟ ಮುಗಿಸಿ, ಒಂದು ನಿದ್ದೆಯನ್ನೂ ತೆಗೆದು ಎದ್ದಿದ್ದ. ಈಗ ನಮ್ಮಿಬ್ಬರ ನಡುವೆ ಎರಡು ವಿಷಯಗಳಲ್ಲಿ ಭಿನ್ನಾಭಿಪ್ರಾಯವಿದೆ. ಒಂದು, ಏಳು ದಿನಗಳ ಪಯಣವನ್ನು ವಿಶನ್‌ಸರ್‌ನಲ್ಲಿ ತಂಗುವ ಹೆಚ್ಚುವರಿ ದಿನವನ್ನು ಕೈಬಿಟ್ಟು ಆರು ದಿನಗಳಿಗೆ ಇಳಿಸಬಹುದೆಂದು ಅವನ ವಾದ. ಎರಡು, ಹಗಲೆಲ್ಲ ತಂತಮ್ಮ ವೇಗದಲ್ಲಿ ನಡೆದು ಸಂಜೆ ಬಿಡಾರದಲ್ಲಿ ಸೇರೋಣ ಎನ್ನುತ್ತಾನೆ. ಎರಡೂ ಏಕೋ ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ, ಆದರೆ ನಿಧಾನಿಯಾದ ನಾನು ಹೇಳಿದರೆ ಅದು ನನ್ನ ಅನುಕೂಲಕ್ಕೆ ಹೇಳಿದಂತೆ ಕೇಳಿಸುತ್ತದೆ. ಆ ದಾರಿಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೆಯ ಚಾರಣಿಗ

ಎರಡು ಬಾರಿ ಆ ದಾರಿಯಲ್ಲಿ ನಡೆದವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ನಿಮ್ಮ ಗೆಳೆಯರಿಗೆ ಕುಮಾರಪರ್ವತ ಸುಲಭವಾಗಿದ್ದರೆ ಈ ಚಾರಣದ ಯಾವ ದಿನದ ಏರೂ ಅವರ ಕಾಲುಗಳಿಗೆ ಕಷ್ಟವಾಗುವುದಿಲ್ಲ, ಏಕೆಂದರೆ ಸುಬ್ರಹ್ಮಣ್ಯದಿಂದ ಶಿಖರದವರೆಗಿನ ಏರಿನಷ್ಟು ದೊಡ್ಡ ಏರು ಇಲ್ಲಿ ಒಂದೇ ದಿನದಲ್ಲಿ ಎಲ್ಲಿಯೂ ಬರುವುದಿಲ್ಲ. ಕಷ್ಟ ಬರುವುದು ಕಾಲಿನಿಂದಲ್ಲ, ಗಾಳಿಯಿಂದ. ಕುಮಾರಪರ್ವತದ ತುದಿ 1,712 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಅಲ್ಲಿ ನೀವು ನಡಿಗೆಯನ್ನು ಆರಂಭಿಸುವ ಸೋನಾಮಾರ್ಗದ ಶಿಟ್ಕಡಿಯೇ 2,700 ಮೀಟರ್‌ಗಳ ಆಸುಪಾಸಿನಲ್ಲಿದೆ. ನಿಚ್ನಾಯ್ ಪಾಸ್ (ಪಾಸ್ ಎಂದರೆ ಬೆಟ್ಟಸಾಲನ್ನು ದಾಟುವ ಜಾಗ) ಸುಮಾರು 4,100 ಮೀಟರ್, ಗಡ್ಸರ್ ಪಾಸ್ ಸುಮಾರು 4,200 ಮೀಟರ್. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನ ಕಡಲತೀರದಲ್ಲಿ ಸಿಗುವುದರ ಅರವತ್ತು ಪ್ರತಿಶತದಷ್ಟು ಮಾತ್ರ.

ಎಲ್ಲರೂ ಗಡ್ಸರ್ ಪಾಸ್‌ಗೆ ಹೆದರುತ್ತಾರೆ. ನನ್ನ ಪ್ರಕಾರ ಹೆದರಬೇಕಾದದ್ದು ಮೊದಲ ರಾತ್ರಿಗೆ. ಶಿಟ್ಕಡಿಯಿಂದ ಹೊರಟು, ಶೇಕ್ದುರ್‌ನ ಹುಲ್ಲುಗಾವಲನ್ನೂ ಭೂರ್ಜ ಮರಗಳ ಕಾಡನ್ನೂ ದಾಟಿ ನಿಚ್ನಾಯ್ ಬಿಡಾರ ಸೇರಿದರೆ ಸುಮಾರು 3,500 ಮೀಟರ್. ಅಂದರೆ ಹಿಂದಿನ ರಾತ್ರಿ ಮಲಗಿದ್ದಕ್ಕಿಂತ 800 ಮೀಟರ್ ಮೇಲೆ ಮಲಗುತ್ತೀರಿ. ಬಹುತೇಕ ಗುಂಪುಗಳು ಶ್ರೀನಗರದಿಂದ ಬಂದ ಮರುದಿನವೇ ಹೀಗೆ ಮಾಡುತ್ತವೆ. ತಲೆನೋವು, ವಾಂತಿಗಳ ಕಥೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಆದ್ದರಿಂದ ದಿನಗಳನ್ನು ಕಡಿಮೆ ಮಾಡುವ ಮಾತು ಹಾಗಿರಲಿ, ಸೋನಾಮಾರ್ಗದಲ್ಲಿ ಇನ್ನೂ ಒಂದು ರಾತ್ರಿ ಸೇರಿಸಿಕೊಳ್ಳಿ. ಆ ದಿನ ಥಾಜಿವಾಸ್ ಹಿಮನದಿಯ ಕಡೆಗೆ ನಡೆದುಹೋಗಿ ಬನ್ನಿ. ಕುದುರೆಯ ಮೇಲೆ ಬೇಡ.

ವೈದ್ಯೆ, ಧಾರವಾಡ

ಹಿಂದಿನ ಬರಹಗಾರರು ಹೇಳಿದ್ದನ್ನು ವೈದ್ಯಕೀಯ ದೃಷ್ಟಿಯಿಂದಲೂ ಅನುಮೋದಿಸುತ್ತೇನೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ಉಳಿಯಬೇಕು ಎಂಬುದು ಸಾಮಾನ್ಯ ನಿಯಮ. ವಿಶನ್‌ಸರ್‌ನ ಹೆಚ್ಚುವರಿ ದಿನ ಇರುವುದೇ ಈ ಕಾರಣಕ್ಕೆ. ಅದು ಸೋಮಾರಿತನದ ದಿನವಲ್ಲ ಎಂದು ನಿಮ್ಮ ಗೆಳೆಯರಿಗೆ ನನ್ನ ಹೆಸರಿನಲ್ಲಿಯೇ ತಿಳಿಸಿರಿ.

ಓಟಗಾರರಿಗೆ ಸಂಬಂಧಿಸಿದಂತೆ ಒಂದು ಮಾತು. ದೇಹದಾರ್ಢ್ಯವು ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದನ್ನು ಬಯಲಿನಲ್ಲಿ ಪರೀಕ್ಷಿಸಿ ಹೇಳುವ ವಿಧಾನವೂ ಇಲ್ಲ. ಗಟ್ಟಿಮುಟ್ಟಾದವರು ಬೇಗ ಮೇಲೇರುತ್ತಾರೆ, ತಲೆನೋವನ್ನು ಬಿಸಿಲಿನ ಲೆಕ್ಕಕ್ಕೆ ಬರೆಯುತ್ತಾರೆ ಮತ್ತು ಜೊತೆಯವರಿಗೆ ಹೇಳುವುದಿಲ್ಲ. ಅಪಾಯ ಹೆಚ್ಚುವುದು ಅಲ್ಲಿ.

ಅಸೆಟಾಝೋಲಮೈಡ್ ಮಾತ್ರೆಯನ್ನು ಮುನ್ನೆಚ್ಚರಿಕೆಯಾಗಿ ದಿನಕ್ಕೆರಡು ಬಾರಿ 125 ಮಿಲಿಗ್ರಾಂ ಪ್ರಮಾಣದಲ್ಲಿ, ಏರು ಆರಂಭಿಸುವ ಹಿಂದಿನ ದಿನದಿಂದ ಕೊಡುವ ರೂಢಿಯಿದೆ. ಆದರೆ ಸಲ್ಫಾ ಔಷಧಗಳು ಒಗ್ಗದವರಿಗೆ ಅದರಿಂದ ತೊಂದರೆಯಾಗಬಹುದು, ಆದ್ದರಿಂದ ನಿಮ್ಮ ವೈದ್ಯರನ್ನು ಕಾಣದೆ ಅಂಗಡಿಯಿಂದ ತಂದು ನುಂಗಬೇಡಿ. ಬೆರಳ ತುದಿಗಳು ಜುಮುಗುಡುವುದು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು ಅದರ ಸಾಮಾನ್ಯ ಪರಿಣಾಮಗಳು. ಕುಳಿತಲ್ಲೇ ಏದುಸಿರು ಬಂದರೆ, ಅಥವಾ ಕುಡಿದವರಂತೆ ಹೆಜ್ಜೆ ತಪ್ಪತೊಡಗಿದರೆ, ಬೆಳಗಾಗಲಿ ಎಂದು ಕಾಯದೆ ಕೂಡಲೇ ಕೆಳಗೆ ಇಳಿಸಬೇಕು. ಈಗ ಯೋಚಿಸಿ ನೋಡಿ: ಹೆಜ್ಜೆ ತಪ್ಪುತ್ತಿರುವುದು ಸ್ವತಃ ಆ ವ್ಯಕ್ತಿಗೆ ತಿಳಿಯುವುದಿಲ್ಲ, ಪಕ್ಕದಲ್ಲಿ ನಡೆಯುವವನಿಗೆ ತಿಳಿಯುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಅದರಲ್ಲೇ ಇದೆ.

ಬೆನ್ನುಚೀಲ

ಕ್ಷಮಿಸಿ, ನಾನು ಸ್ವಲ್ಪ ಬೇರೆ ರೀತಿಯಲ್ಲಿ ಯೋಚಿಸುತ್ತೇನೆ. ವಿಶ್ರಾಂತಿಯ ದಿನದ ಬಗ್ಗೆ ವೈದ್ಯೆಯವರ ಮಾತಿಗೆ ಎದುರಿಲ್ಲ. ಆದರೆ ಇಬ್ಬರು ಹೊರಟರೆ ದಿನವಿಡೀ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡೇ ನಡೆಯಬೇಕೆಂಬ ಉಪದೇಶ ಒಳ್ಳೆಯ ಸ್ನೇಹಗಳನ್ನು ಕೆಡಿಸಿರುವುದನ್ನು ನಾನು ಕಂಡಿದ್ದೇನೆ. ವೇಗದವನಿಗೆ ನಿಧಾನವಾಗಿ ನಡೆಯುವುದು ನಿಜವಾಗಿಯೂ ಆಯಾಸ. ಮೈ ತಣ್ಣಗಾಗುತ್ತದೆ, ತಾಳ ತಪ್ಪುತ್ತದೆ. ನಿಧಾನಿಗೋ, ಮುಂದಿನ ತಿರುವಿನಲ್ಲಿ ಒಬ್ಬ ಕಾಯುತ್ತಾ ನಿಂತಿದ್ದಾನೆ ಎಂಬ ಅರಿವೇ ಒಂದು ಹೊರೆ. ಅವನನ್ನು ತಲುಪುವಷ್ಟರಲ್ಲಿ ಅವನ ವಿಶ್ರಾಂತಿ ಮುಗಿದಿರುತ್ತದೆ, ಅವನು ಎದ್ದು ಹೊರಡುತ್ತಾನೆ, ನಿಮಗೆ ಮಾತ್ರ ಕುಳಿತುಕೊಳ್ಳಲು ಸಿಗುವುದಿಲ್ಲ.

ಅದಲ್ಲದೆ ಈ ದಾರಿ ನಮ್ಮ ಪಶ್ಚಿಮಘಟ್ಟದ ಕಾಡುದಾರಿಯಂತಲ್ಲ. ನಿಚ್ನಾಯ್ ಕಣಿವೆಯಲ್ಲಿಯೂ ಗಡ್ಸರ್‌ನ ಇಳಿಜಾರಿನಲ್ಲಿಯೂ ಮರಗಳಿಲ್ಲ. ಒಂದು ಕಿಲೋಮೀಟರ್ ಮುಂದಿರುವ ಮನುಷ್ಯನ ಅಂಗಿಯ ಬಣ್ಣ ಕಾಣಿಸುತ್ತದೆ. ಆಗಸ್ಟ್‌ನಲ್ಲಿ ಜನರೂ ಇರುತ್ತಾರೆ, ಗುಜ್ಜರ್ ಮತ್ತು ಬಕರ್ವಾಲ್ ಕುಟುಂಬಗಳು ಕುರಿಮಂದೆಗಳೊಂದಿಗೆ ಮೇಲಿನ ಹುಲ್ಲುಗಾವಲುಗಳಲ್ಲಿ ಬೀಡುಬಿಟ್ಟಿರುತ್ತವೆ. (ಅವರ ನಾಯಿಗಳಿಂದ ದೂರವಿರಿ. ಕರಡಿಯನ್ನು ಎದುರಿಸಲು ಸಾಕಿದ ನಾಯಿಗಳವು, ನಿಮ್ಮ ಬಿಸ್ಕತ್ತಿಗೆ ಬಾಲ ಆಡಿಸುವುದಿಲ್ಲ.) ಬಯಲು ಹುಲ್ಲುಗಾವಲಿನಲ್ಲಿ ಬೇರೆಬೇರೆ ನಡೆಯಿರಿ. ಮೂರು ಪಾಸ್‌ಗಳ ಏರು, ಹಳ್ಳ ದಾಟುವ ಜಾಗಗಳು ಮತ್ತು ಸತ್ಸರ್ ದಾಟಿದ ನಂತರದ ಬಂಡೆರಾಶಿ, ಇಷ್ಟರಲ್ಲಿ ಮಾತ್ರ ಒಟ್ಟಿಗಿರಿ. ಮಾರ್ಗದರ್ಶಿ ಯಾವಾಗಲೂ ನಿಧಾನಿಯ ಜೊತೆ.

ಹೇಮಾವತಿ ತೀರ

ಎಲ್ಲರಿಗೂ ಧನ್ಯವಾದಗಳು. ವೈದ್ಯೆಯವರ ಬರಹವನ್ನು ಗೆಳೆಯನಿಗೆ ಓದಿ ಹೇಳಿದೆ. ವಿಶ್ರಾಂತಿಯ ದಿನಕ್ಕೆ ಒಪ್ಪಿಕೊಂಡ, ಸೋನಾಮಾರ್ಗದ ಹೆಚ್ಚುವರಿ ರಾತ್ರಿಗೂ ಗೊಣಗುತ್ತಲೇ ಒಪ್ಪಿದ. ನಡಿಗೆಯ ವಿಷಯದಲ್ಲಿ ‘ಬೆನ್ನುಚೀಲ’ ಅವರು ಹೇಳಿದ ಮಧ್ಯಮ ಮಾರ್ಗವನ್ನು ಹಿಡಿಯುತ್ತೇವೆ.

ಇಬ್ಬರೇ ಇರುವುದರಿಂದ ಒಂದು ಅನುಕೂಲವನ್ನೂ ಕಂಡುಕೊಂಡಿದ್ದೇವೆ. ಹಗಲಿನ ಚೀಲಗಳಲ್ಲಿ ಒಂದೇ ವಸ್ತುವನ್ನು ಎರಡೆರಡು ಹೊರುವ ಬದಲು ಹಂಚಿಕೊಂಡರೆ ಭಾರ ಬಹಳ ಕಡಿಮೆಯಾಗುತ್ತದೆ. ಮಧ್ಯಾಹ್ನದ ಬುತ್ತಿ ಮತ್ತು ಹಾಸುವ ಟಾರ್ಪಾಲು ಅವನ ಚೀಲದಲ್ಲಿ. ನೀರು ಶುದ್ಧಿ ಮಾಡುವ ಸೋಸುಕ, ಔಷಧಗಳು ನನ್ನ ಚೀಲದಲ್ಲಿ.

ಹಳೆಯ ಚಾರಣಿಗ

ಇದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಬೇರೆಬೇರೆ ನಡೆಯುವುದೂ ಸಾಮಾನು ಹಂಚಿಕೊಳ್ಳುವುದೂ ಒಟ್ಟಿಗೆ ಹೋಗುವುದಿಲ್ಲ. ಒಂದೋ ಜೊತೆಯಾಗಿ ನಡೆದು ಹಂಚಿಕೊಳ್ಳಿ, ಇಲ್ಲವೇ ಬೇರೆಯಾಗಿ ನಡೆದು ಪ್ರತಿಯೊಬ್ಬರ ಚೀಲವನ್ನೂ ಒಂದು ದಿನದ ಮಟ್ಟಿಗೆ ಪೂರ್ಣವಾಗಿಡಿ: ಮಳೆ ಅಂಗಿ, ಬೆಚ್ಚನೆಯ ಒಂದು ಉಡುಪು, ತಿನ್ನಲು ಏನಾದರೂ, ನೀರು, ಸೀಟಿ, ಟಾರ್ಚ್, ಗುರುತಿನ ಚೀಟಿ. ಇವೆಲ್ಲ ಸೇರಿ ನಾಲ್ಕು ಕಿಲೋ ಆಗುವುದಿಲ್ಲ.

ಗುರುತಿನ ಚೀಟಿಯ ಮೂಲಪ್ರತಿಯೇ ಬೇಕು. ನಿಯಂತ್ರಣ ರೇಖೆ ಹತ್ತಿರವಿರುವುದರಿಂದ ದಾರಿಯಲ್ಲಿ ಸೇನೆಯ ಠಾಣೆಗಳಲ್ಲಿ ಹೆಸರು ಬರೆಸಿ ಮುಂದೆ ಹೋಗಬೇಕಾಗುತ್ತದೆ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್‌ಗಳು ಶ್ರೀನಗರದಲ್ಲೂ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಇರಬೇಕು. ಮೇಲಿನ ಕಣಿವೆಗಳಲ್ಲಂತೂ ಯಾವುದನ್ನೂ ನೆಚ್ಚಬೇಡಿ. ಆಗಸ್ಟ್‌ನ ಮೊದಲರ್ಧದಲ್ಲಿ ಬಾಲ್ಟಾಲ್ ಮಾರ್ಗದ ಅಮರನಾಥ ಯಾತ್ರಿಕರಿಂದಾಗಿ ಸೋನಾಮಾರ್ಗದ ರಸ್ತೆಯಲ್ಲಿ ವಾಹನಗಳ ನಿರ್ಬಂಧವಿರಬಹುದು, ಸಮಯ ಕೈಯಲ್ಲಿಟ್ಟುಕೊಂಡು ಹೊರಡಿ.

ಶಾಸನಪ್ರಿಯೆ

ಚಾರಣದ ವಿಷಯದಲ್ಲಿ ನಾನು ಹೊಸಬಳು. ಆದರೂ ಕೊನೆಯ ದಿನದ ಬಗ್ಗೆ ಒಂದು ವಿನಂತಿಯಿದೆ. ಗಂಗಾಬಲ್‌ನಿಂದ ನಾರಾನಾಗ್‌ಗೆ ಇಳಿಯುವವರು ಮಂಡಿನೋವಿನ ಭರದಲ್ಲಿ ನೇರವಾಗಿ ಜೀಪು ಹತ್ತಿಬಿಡುತ್ತಾರೆ. ದಾರಿ ಮುಗಿಯುವ ಜಾಗದಲ್ಲೇ, ಕ್ರಿಸ್ತಶಕ 8ನೆಯ ಶತಮಾನದ ಕಾಶ್ಮೀರದ ದೊರೆ ಲಲಿತಾದಿತ್ಯನ ಕಾಲದ್ದೆಂದು ಹೇಳಲಾಗುವ ಶಿವಾಲಯಗಳ ಎರಡು ಸಮೂಹಗಳಿವೆ, ಬುಗ್ಗೆಯ ನೀರು ತುಂಬುವ ಕಲ್ಲಿನ ಕೊಳವಿದೆ. ಒಂದು ಗಂಟೆಯಾದರೂ ಅಲ್ಲಿ ಕಳೆಯಿರಿ. ಹರ್ಮುಖ್ ಎಂದು ಈಗ ಕರೆಯುವ 5,142 ಮೀಟರ್‌ಗಳ ಶಿಖರವೇ ಹಿಂದಿನ ಹರಮುಕುಟ. ಅದರ ಬುಡದ ಗಂಗಾಬಲ್‌ನಲ್ಲಿ ಕಾಶ್ಮೀರಿ ಪಂಡಿತರು ತಮ್ಮವರ ಅಸ್ಥಿಯನ್ನು ವಿಸರ್ಜಿಸುವ ಸಂಪ್ರದಾಯವಿತ್ತು. ಆದ್ದರಿಂದ ಆ ಸರೋವರಕ್ಕೆ ಸೋಪು ಹಚ್ಚಿಕೊಂಡು ಇಳಿಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಇನ್ನೊಂದು ಮಾತು, ಕನ್ನಡಿಗರಾಗಿ ನಮಗೆ ಸಂಬಂಧಿಸಿದ್ದು. ಶ್ರೀನಗರದ ಬಳಿಯ ಖೋನ್ಮೋಹ್‌ನಲ್ಲಿ ಹುಟ್ಟಿದ ಬಿಲ್ಹಣನೆಂಬ ಕವಿ ಮಥುರಾ, ಪ್ರಯಾಗ, ಕಾಶಿಗಳನ್ನು ಹಾದು ಕೊನೆಗೆ ನಮ್ಮ ಕಲ್ಯಾಣಕ್ಕೆ ಬಂದು, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾದ. ಕಾಶ್ಮೀರದ ಹರ್ಷನೆಂಬ ದೊರೆ ಕರ್ಣಾಟದ ಮಾದರಿಯಲ್ಲಿ ನಾಣ್ಯ ಹಾಕಿಸಿದನೆಂದು ಆ ನಾಡಿನ ಇತಿಹಾಸವನ್ನು ಬರೆದ ಕಲ್ಹಣ ದಾಖಲಿಸಿದ್ದಾನೆ. ನೀವಿಬ್ಬರೂ ಬಿಲ್ಹಣನ ದಾರಿಯನ್ನು ತಿರುವುಮುರುವಾಗಿ ಹಿಡಿದಿದ್ದೀರಿ, ಅಷ್ಟೆ.

ಹೇಮಾವತಿ ತೀರ (ಸೆಪ್ಟೆಂಬರ್ 2024)

ಹೋಗಿ ಬಂದೆವು. ಇಲ್ಲಿ ಸಲಹೆ ನೀಡಿದ ಎಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಸೋನಾಮಾರ್ಗದ ಹೆಚ್ಚುವರಿ ರಾತ್ರಿ ಸಾರ್ಥಕವಾಯಿತು. ನಿಚ್ನಾಯ್ ಬಿಡಾರದಲ್ಲಿ ನನಗೆ ಸ್ವಲ್ಪ ತಲೆಭಾರ, ಗೆಳೆಯನಿಗೆ ನಿದ್ದೆ ಬರಲಿಲ್ಲ, ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ನಿಚ್ನಾಯ್ ಪಾಸ್ ದಾಟಿ ವಿಶನ್‌ಸರ್‌ಗೆ ಇಳಿಯುವ ದಾರಿ ಉದ್ದವೇ ಹೊರತು ಕಠಿಣವಲ್ಲ. ವಿಶ್ರಾಂತಿಯ ದಿನ ಬೆಳಿಗ್ಗೆ ಕಿಶನ್‌ಸರ್‌ವರೆಗೆ ಹೋಗಿ ಬಂದೆವು, ಮಧ್ಯಾಹ್ನದಿಂದ ಮಳೆ ಹಿಡಿಯಿತು. ಪೀರ್ ಪಂಜಾಲ್ ಶ್ರೇಣಿ ಮುಂಗಾರಿನ ಬಹುಭಾಗವನ್ನು ತಡೆಯುವುದರಿಂದ ಕಾಶ್ಮೀರ ಕಣಿವೆಯಲ್ಲಿ ಆಗಸ್ಟ್ ಚಾರಣದ ಕಾಲವೆಂಬುದು ನಿಜ, ಆದರೆ ಅಲ್ಲಿ ಬೀಳುವ ಅಷ್ಟಿಷ್ಟು ಮಳೆಯೇ ಮಲೆನಾಡಿನ ಮಳೆಗಿಂತ ಹೆಚ್ಚು ಕಾಡುತ್ತದೆ. ನಮ್ಮ ಮಳೆಯಲ್ಲಿ ನೆನೆದವನು ಉಂಬಳ ಕಿತ್ತುಕೊಂಡು ಮುಂದೆ ನಡೆಯುತ್ತಾನೆ. ಅಲ್ಲಿ ನೆನೆದವನು ನಡುಗಲು ಆರಂಭಿಸುತ್ತಾನೆ.

ಗಡ್ಸರ್ ಪಾಸ್ ಏರುವಾಗ ಇಬ್ಬರೂ ಒಟ್ಟಿಗಿದ್ದೆವು. ಮೂವತ್ತು ಹೆಜ್ಜೆ ನಡೆಯುವುದು, ನಿಲ್ಲುವುದು, ಮತ್ತೆ ಮೂವತ್ತು ಹೆಜ್ಜೆ. ಆಶ್ಚರ್ಯವೆಂದರೆ ಆ ಏರಿನಲ್ಲಿ ನಮ್ಮಿಬ್ಬರ ವೇಗವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಮೇಲೆ ನಿಂತು ತಿರುಗಿ ನೋಡಿದರೆ, ಎರಡು ದಿನ ನಾವು ದಡದಲ್ಲಿ ಕುಳಿತಿದ್ದ ವಿಶನ್‌ಸರ್ ಮತ್ತು ಕಿಶನ್‌ಸರ್ ಒಂದರ ಪಕ್ಕ ಒಂದು, ಒಂದೇ ಚಿತ್ರದಲ್ಲಿ ಕಾಣುತ್ತವೆ. ಈ ಜೋಡಿ ಸರೋವರಗಳ ನೀರು ಕಿಶನ್‌ಗಂಗೆಯಾಗಿ ಉತ್ತರಕ್ಕೆ ಹೋಗುತ್ತದೆ. ಗಂಗಾಬಲ್‌ನ ನೀರು ವಾಂಗತ್ ಹಳ್ಳದ ಮೂಲಕ ಸಿಂಧ್ ಸೇರುತ್ತದೆ (ಇದು ಸಿಂಧೂ ನದಿಯಲ್ಲ, ಝೇಲಂನ ಉಪನದಿ). ಬೇರೆಬೇರೆ ದಿಕ್ಕಿಗೆ ಹರಿದ ಎರಡೂ ಕೊನೆಗೆ ಝೇಲಂನಲ್ಲಿಯೇ ಕೂಡುತ್ತವೆ ಎಂದು ಗೆಳೆಯ ನಕ್ಷೆ ಬಿಡಿಸಿ ತೋರಿಸಿದಾಗ, ಬೇರೆಬೇರೆ ನಡೆಯುವ ತನ್ನ ವಾದಕ್ಕೆ ಸಾಕ್ಷಿ ಹುಡುಕಿಕೊಂಡನೆಂದು ನನಗೆ ನಗು ಬಂತು. ಪಾಸ್‌ನ ಆಚೆ ಬದಿಯ ಇಳಿಜಾರಿನಲ್ಲಿ ಹೂವುಗಳ ನಡುವೆ ಹೆಜ್ಜೆ ಇಡಲು ಜಾಗ ಹುಡುಕಬೇಕಾಯಿತು.

ಇನ್ನು ತಪ್ಪಿನ ವಿಷಯ. ‘ಹಳೆಯ ಚಾರಣಿಗ’ರ ಕ್ಷಮೆ ಕೇಳುತ್ತೇನೆ. ಅವರ ಎಚ್ಚರಿಕೆಯನ್ನು ಓದಿಯೂ, ಭಾರ ಉಳಿಸುವ ಆಸೆಗೆ, ನಾವು ಸಾಮಾನನ್ನು ಹಂಚಿಕೊಂಡೇ ಹೋಗಿದ್ದೆವು. ಮೊದಲ ದಿನಗಳಲ್ಲಿ ಏನೂ ಆಗಲಿಲ್ಲವಾದ್ದರಿಂದ ಅದು ಸರಿಯೆಂದೇ ತೋರಿತು. ಸತ್ಸರ್‌ನಿಂದ ಗಂಗಾಬಲ್‌ಗೆ ಹೋಗುವ ದಿನ (ಸತ್ಸರ್ ಎಂದರೆ ಏಳು ಸರೋವರ, ಆದರೆ ಆಗಸ್ಟ್ ಕೊನೆಗೆ ಕೆಲವು ಬತ್ತಿ ಬರಿಯ ತಗ್ಗುಗಳಾಗಿರುತ್ತವೆ) ಬಂಡೆರಾಶಿಯನ್ನು ಒಟ್ಟಿಗೇ ದಾಟುವುದೆಂದು ಮಾತಾಗಿತ್ತು. ಕಾರಿನಷ್ಟು ದೊಡ್ಡ ಬಂಡೆಗಳು, ನಡುವೆ ಕಾಲು ಸಿಕ್ಕಿಕೊಳ್ಳುವಂಥ ಸಂದುಗಳು, ಹಿಂದಿನ ರಾತ್ರಿಯ ಮಳೆಯ ತೇವ. ನಾನು ಕೈಕಾಲು ಎರಡನ್ನೂ ಊರಿಕೊಂಡು ಸಾಗುತ್ತಿದ್ದೆ. ಗೆಳೆಯ ಬಂಡೆಯಿಂದ ಬಂಡೆಗೆ ಜಿಗಿಯುವ ಹುಮ್ಮಸ್ಸಿನಲ್ಲಿ ಮುಂದೆ ಹೋದ. ಆಚೆ ದಡದಲ್ಲಿ ಕಾಯುತ್ತಾನೆಂದು ನಾನು, ಮಾರ್ಗದರ್ಶಿ ನನ್ನ ಜೊತೆಗಿದ್ದಾನಲ್ಲ ಎಂದು ಅವನು. ಅಷ್ಟರಲ್ಲಿ ಮಂಜು ಇಳಿಯಿತು.

ಮಂಜಿನಲ್ಲಿ ಒಂದು ಕಿಲೋಮೀಟರ್ ದೂರದ ಅಂಗಿಯ ಬಣ್ಣವಲ್ಲ, ಹತ್ತು ಮಾರು ದೂರದ ಬಂಡೆಯೂ ಕಾಣುವುದಿಲ್ಲ. ಮೂರನೆಯದಾದ ಝಚ್ ಪಾಸ್‌ನ ಏರಿನಲ್ಲಿ ಒಂದು ದಿಣ್ಣೆ ಮುಗಿದರೆ ಇನ್ನೊಂದು ದಿಣ್ಣೆ ಎದ್ದುನಿಲ್ಲುತ್ತದೆ. ಮುಂದಿನ ದಿಣ್ಣೆಯ ಮೇಲೆ ಕಾಯೋಣವೆಂದು ಅವನು ಹೋಗುತ್ತಲೇ ಇದ್ದನಂತೆ. ಒಟ್ಟು ಎರಡೂವರೆ ಗಂಟೆ ನಾವು ಒಬ್ಬರಿಗೊಬ್ಬರು ಕಾಣಲಿಲ್ಲ. ಬುತ್ತಿ ಅವನ ಬೆನ್ನಿನ ಮೇಲಿತ್ತು, ನೀರಿನ ಸೋಸುಕ ನನ್ನ ಬೆನ್ನಿನ ಮೇಲೆ. ನನಗೆ ನೀರಿತ್ತು, ಅನ್ನವಿರಲಿಲ್ಲ. ಅವನಿಗೆ ಐದು ರೊಟ್ಟಿ, ಬೇಯಿಸಿದ ಆಲೂಗಡ್ಡೆ, ಮೊಟ್ಟೆಗಳಿದ್ದವು, ಬಾಟಲಿ ಖಾಲಿ. ಕೊನೆಗೆ ಅವನು ಕುರಿಗಳು ನಿಂತಿದ್ದ ಹಳ್ಳದ ನೀರನ್ನೇ ಕುಡಿದ.

ಮಾರ್ಗದರ್ಶಿಯವರು ಅಂದು ಒಂದು ಮಾತನ್ನೂ ಆಡಲಿಲ್ಲ. ನನ್ನನ್ನು ಬಿಟ್ಟು ಅವನನ್ನು ಹುಡುಕಲು ಹೋಗುವಂತಿಲ್ಲ, ಅವನ ಪಾಡಿಗೆ ಅವನನ್ನು ಬಿಡುವಂತೆಯೂ ಇಲ್ಲ. ಅವರು ನಿಂತು ನಿಂತು ಸೀಟಿ ಹೊಡೆಯುತ್ತಿದ್ದ ಬಗೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಪಾಸ್‌ನ ನೆತ್ತಿಯಲ್ಲಿ ಗೆಳೆಯ ಕುರಿಗಾಹಿಯೊಬ್ಬರ ಪಕ್ಕದಲ್ಲಿ, ಅವರದೇ ಕಂಬಳಿ ಹೊದ್ದು ಕುಳಿತಿದ್ದ. ಬುತ್ತಿ ಬಿಚ್ಚಿರಲಿಲ್ಲ. ಏಕೆ ತಿನ್ನಲಿಲ್ಲವೆಂದು ಕೇಳಿದರೆ, ‘ನಿನ್ನ ಪಾಲೂ ಇದರಲ್ಲೇ ಇತ್ತಲ್ಲ’ ಎಂದ. ಮಂಜು ತೆರೆದಾಗ ಕೆಳಗೆ, ಎರಡೂವರೆ ಕಿಲೋಮೀಟರ್‌ಗಳಷ್ಟು ಉದ್ದದ ಗಂಗಾಬಲ್ ಮತ್ತು ಅದರ ತಮ್ಮನಂತಿರುವ ನುಂದ್ಕೋಲ್ ಕಾಣಿಸಿದವು. ನಾವಿಬ್ಬರೂ ಮೂಕರಾಗಿ ರೊಟ್ಟಿ ತಿನ್ನುತ್ತಿದ್ದೆವು.

ಆ ನೀರಿನ ಫಲವಾಗಿ ಗೆಳೆಯನ ಹೊಟ್ಟೆ ಕೆಟ್ಟು, ಗಂಗಾಬಲ್‌ನಲ್ಲಿ ನಾವು ಉಳಿಯಬೇಕೆಂದಿದ್ದ ಹೊತ್ತಿನಲ್ಲಿ ಬಹುಪಾಲು ಡೇರೆಯಲ್ಲೇ ಕಳೆಯಿತು. ಕೊನೆಯ ದಿನ ನಾರಾನಾಗ್‌ಗೆ ಸುಮಾರು 1,300 ಮೀಟರ್ ಇಳಿಯಬೇಕಿತ್ತು. ಊರುಗೋಲು ಇಲ್ಲದಿದ್ದರೆ ನನ್ನ ಮಂಡಿಗಳು ಅಲ್ಲೇ ಉಳಿಯುತ್ತಿದ್ದವು. ಅಂದು ಮಾತ್ರ ಅವನೇ ಹಿಂದೆ, ನಾನೇ ಮುಂದೆ. ‘ಶಾಸನಪ್ರಿಯೆ’ಯವರೇ, ಕೊಳದ ಕಟ್ಟೆಯ ಮೇಲೆ ಒಂದು ಗಂಟೆಯಲ್ಲ, ಎರಡು ಗಂಟೆ ಕುಳಿತೆವು, ಅವನಿಗೆ ಏಳಲು ಆಗುತ್ತಿರಲಿಲ್ಲ.

ವೈದ್ಯೆ, ಧಾರವಾಡ

ಕ್ಷೇಮವಾಗಿ ಮರಳಿದ್ದು ಸಂತೋಷ. ನಿರ್ಜಲತೆಯಿಂದಾಗುವ ತಲೆನೋವು ಎತ್ತರದ ಕಾಯಿಲೆಯ ತಲೆನೋವಿನಂತೆಯೇ ಇರುವುದರಿಂದ ಅಂದು ಏನಾಗಿದೆಯೆಂದು ತಿಳಿಯುವುದೇ ಕಷ್ಟವಾಗುತ್ತಿತ್ತು. ಮುಂದೆ ಹೋಗುವವರು ಜಲಪೂರಣ ಲವಣದ (ಓಆರ್‌ಎಸ್) ಪೊಟ್ಟಣಗಳನ್ನು ಎರಡೂ ಚೀಲಗಳಲ್ಲಿ ಇಟ್ಟುಕೊಳ್ಳಿ.

ಬೆನ್ನುಚೀಲ

ಬಂಡೆರಾಶಿಯಲ್ಲಿ ಒಟ್ಟಿಗಿರಿ ಎಂದು ನಾನು ಬರೆದಿದ್ದೆ ಎಂಬುದನ್ನು ಆತ್ಮರಕ್ಷಣೆಗಾಗಿ ನೆನಪಿಸುತ್ತೇನೆ. ಆದರೆ ಮಂಜಿನ ವಿಷಯವನ್ನು ನಾನು ಮರೆತಿದ್ದೆ. ನನ್ನ ಎರಡೂ ಪಯಣಗಳಲ್ಲಿ ಆಕಾಶ ತಿಳಿಯಾಗಿತ್ತು.

ಕೊಡಚಾದ್ರಿ ಕಣಿವೆ (ಜೂನ್ 2025)

ಹಳೆಯ ಚರ್ಚೆಯನ್ನು ಮತ್ತೆ ಎಬ್ಬಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಈ ವರ್ಷ ನಾನು ಮತ್ತು ನನ್ನ ಭಾವ ಇದೇ ದಾರಿಯಲ್ಲಿ ಹೋಗುವ ಯೋಚನೆಯಲ್ಲಿದ್ದೇವೆ. ಪರಿಸ್ಥಿತಿ ಹೇಗಿದೆ? ಭಾವನವರೂ ನಿಧಾನವೇ, ನಾನೂ ನಿಧಾನವೇ, ಆ ತೊಂದರೆಯಿಲ್ಲ.

ಹಳೆಯ ಚಾರಣಿಗ

ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಅಲ್ಲಿನ ಸರ್ಕಾರ 87 ಪ್ರವಾಸಿ ತಾಣಗಳ ಪೈಕಿ 48ನ್ನು ಮುಚ್ಚಿತ್ತು. ಕೆಲವನ್ನು ಮಾತ್ರ ಮತ್ತೆ ತೆರೆದಿದ್ದಾರೆ. ಮೇಲಿನ ಕಣಿವೆಗಳಿಗೆ ಬಿಡುತ್ತಾರೋ ಇಲ್ಲವೋ ಎಂಬುದನ್ನು ಗಾಂದರ್‌ಬಲ್ ಜಿಲ್ಲಾಡಳಿತದಿಂದಲೇ ತಿಳಿದುಕೊಳ್ಳಿ, ಮುಂಗಡ ಪಡೆಯಲು ಆತುರಪಡುವವರ ಬಾಯಿಮಾತಿನಿಂದಲ್ಲ. ಅನುಮತಿ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ಬೇಡ. ಪ್ರಯಾಣದ ಮಟ್ಟಿಗೆ ಎರಡು ಅನುಕೂಲಗಳಾಗಿವೆ. ಸೋನಾಮಾರ್ಗಕ್ಕೆ ಹೋಗುವ ದಾರಿಯ 6.5 ಕಿಲೋಮೀಟರ್‌ಗಳ ಸುರಂಗ ಜನವರಿಯಲ್ಲಿ ತೆರೆದಿದೆ, ಈ ತಿಂಗಳಿನಿಂದ ಕಟ್ರಾದಿಂದ ಶ್ರೀನಗರಕ್ಕೆ ರೈಲೂ ಓಡುತ್ತಿದೆ. ರೈಲು ಚಿನಾಬ್ ಸೇತುವೆಯನ್ನು ದಾಟುವಾಗ ಕಿಟಕಿಯ ಪಕ್ಕದ ಆಸನವನ್ನು ಭಾವನವರಿಗೆ ಬಿಟ್ಟುಕೊಡಿ.

ಹೇಮಾವತಿ ತೀರ

ಇಬ್ಬರೂ ನಿಧಾನವಾದರೆ ಗಡ್ಸರ್ ಪಾಸ್ ದಿನ ಬೆಳಕು ಹರಿಯುವ ಮೊದಲೇ ಹೊರಡಿ, ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಚೀಲಗಳ ಬಗ್ಗೆ ನಾನು ಮತ್ತೆ ಹೇಳಬೇಕಾಗಿಲ್ಲ. ನನ್ನ ಗೆಳೆಯನಂತೂ ತನ್ನದೇ ಒಂದು ಸೋಸುಕ ಕೊಂಡಿದ್ದಾನೆ. ಮೊನ್ನೆ ಮುಳ್ಳಯ್ಯನಗಿರಿಗೂ, ಮೆಟ್ಟಿಲ ಬುಡದವರೆಗೆ ಕಾರು ಹೋಗುವ ಜಾಗಕ್ಕೂ, ಅದನ್ನು ಹೊತ್ತುಕೊಂಡೇ ಬಂದಿದ್ದ.